ಮೊನೆರಾಯನ ಕಾನೂನು ಪ್ರಶ್ನೆ

ಸೂಜಿ ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಸೂಜಿಯೆಂದರೆ ಭಯ ಎಂದು ಹೇಳಿದರೆ ಯಾರಾದರೂ ನಂಬುತ್ತಾರೆಯೇ? ನಂಬುವುದಿಲ್ಲ. ಯಾರೂ ನಂಬುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಮೊನೆರಾಯ ಇಷ್ಟು ವರ್ಷ ಮಾನವಂತನಾಗಿ ಬಾಳಿದ್ದ.

ಮೊನೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಕೊಟ್ಟ ಬಿರುದು. ಬಟ್ಟೆ ಹೊಲಿಯುವ ಸೂಜಿಗಳು ಸಾಣೆ ಹಿಡಿಸಿಕೊಂಡು ತಟ್ಟೆತಟ್ಟೆಯಾಗಿ ಅವನ ಮೇಜಿಗೆ ಬರುತ್ತಿದ್ದವು. ಅವನು ಪ್ರತಿ ತಟ್ಟೆಯಿಂದ ಒಂದು ಚಿಟಿಕೆ ಎತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದರ ಮೊನೆಯನ್ನೂ ಬಲ ಹೆಬ್ಬೆರಳಿಗೆ ಒತ್ತಿ ನೋಡುತ್ತಿದ್ದ. ಸಾಣೆಯವರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಮೊನೆ ಸರಿಯಿದ್ದರೆ "ಹೋಗ್ಲಿ" ಎನ್ನುತ್ತಿದ್ದ. ಇಲ್ಲದಿದ್ದರೆ "ವಾಪಸ್". ಕೆಲಸದ ವೇಳೆಯಲ್ಲಿ ಅವನ ಬಾಯಿಂದ ಮೂರನೆಯ ಮಾತು ಬೀಳುತ್ತಿದ್ದುದು ಅಪರೂಪ. ಒಮ್ಮೆ ಕಂಪನಿಯವರು ಮೊನೆ ಪರೀಕ್ಷಿಸುವ ಯಂತ್ರ ತರಿಸಿದ್ದರು. ಯಂತ್ರಕ್ಕೂ ಅವನ ಹೆಬ್ಬೆರಳಿಗೂ ಭಿನ್ನಾಭಿಪ್ರಾಯ ಬಂದಾಗ ಯಂತ್ರವನ್ನೇ ರಿಪೇರಿಗೆ ಕಳಿಸಿದರು.

ಇದೇ ಮನುಷ್ಯ ಡಾಕ್ಟರ ಕೈಯಲ್ಲಿ ಸೂಜಿ ಕಂಡರೆ ಒದ್ದೆ ಬಟ್ಟೆಯಂತೆ ಕುಸಿಯುತ್ತಿದ್ದ. ಜ್ವರ ಬಂದರೆ ಮಾತ್ರೆ, ಕಾಲಿಗೆ ಮೊಳೆ ಹೊಕ್ಕರೂ ಮಾತ್ರೆ. ಮಗಳು ಕೂಸಾಗಿದ್ದಾಗ ಅವಳಿಗೆ ಲಸಿಕೆ ಹಾಕಿಸಲು ಹೋಗಿ, ಕೂಸು ಅಳುವ ಮೊದಲೇ ಇವನು ನೆಲಕ್ಕೆ ಬಿದ್ದಿದ್ದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದು ಹೆಂಡತಿ ಅಲ್ಲಿದ್ದವರಿಗೆ ಹೇಳಿದ್ದಳು. ಆಮೇಲೆ ಯಾರಿಗೂ ಏನೂ ಹೇಳಲಿಲ್ಲ. ಹಾಗಾಗಿ ವಿಷಯ ಗೊತ್ತಿದ್ದದ್ದು ಜಗತ್ತಿನಲ್ಲಿ ಅವಳೊಬ್ಬಳಿಗೆ.

ಆ ವರ್ಷ ಊರಿನಲ್ಲೆಲ್ಲ ಜ್ವರ ಹಬ್ಬಿತು. ಜ್ವರದ ಹಿಂದೆ ಲಸಿಕೆ ಬಂತು. ಲಸಿಕೆಯ ಹಿಂದೆ ಕಾರ್ಖಾನೆಯ ಗೇಟಿನ ಮೇಲೆ ಮ್ಯಾನೇಜರರ ಪ್ರಕಟಣೆ ಬಂತು: ಕೆಲಸಗಾರರೆಲ್ಲರೂ ಲಸಿಕೆ ಹಾಕಿಸಿಕೊಳ್ಳತಕ್ಕದ್ದು, ತಪ್ಪಿದವರಿಗೆ ಒಳಗೆ ಪ್ರವೇಶವಿಲ್ಲ.

ಬಂದದ್ದು ಎಂಥ ಹೊತ್ತಿನಲ್ಲಿ? ಮುಖ್ಯ ಪರೀಕ್ಷಕರು ನಿವೃತ್ತರಾಗುವವರಿದ್ದರು. ಅವರ ಗಾಜಿನ ಕೋಣೆ, ಅದರೊಳಗಿನ ಕೈಯಿರುವ ಕುರ್ಚಿ, ಎರಡೂ ಮೊನೆರಾಯನಿಗೆ ಎಂದು ಮ್ಯಾನೇಜರರು ಕಣ್ಣಿನಲ್ಲೇ ಹೇಳಿಯಾಗಿತ್ತು. ಅವನು ಇಪ್ಪತ್ತು ವರ್ಷ ಸ್ಟೂಲಿನ ಮೇಲೆ ಕೂತವನು. ಕೈಯೂರಿ ಕೂರುವ ಸುಖ ಎಂಥದಿರಬಹುದು ಎಂದು ಮನೆಯಲ್ಲಿ ಅಭ್ಯಾಸವನ್ನೂ ಮಾಡಿ ನೋಡಿದ್ದ.

ಪ್ಯಾಕಿಂಗ್ ಹಾಲಿನಲ್ಲಿ ನರ್ಸಮ್ಮ ತನ್ನ ತಣ್ಣನೆಯ ಪೆಟ್ಟಿಗೆ ಇಟ್ಟುಕೊಂಡು ಕೂತಳು. ಸಾಲು ನಿಂತಿತು. ಸಾಲಿನ ಬಾಲದಲ್ಲಿ ನಿಲ್ಲುವುದು, ತನ್ನ ಸರದಿ ಬರುವಷ್ಟರಲ್ಲಿ ಔಷಧಿ ಮುಗಿಯಲಿ ಎಂದು ಹಾರೈಸುವುದು, ಇದು ಮೊನೆರಾಯನ ಯೋಜನೆ. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ಮ್ಯಾನೇಜರರು ಕಂಡುಬಿಟ್ಟರು.

"ಅಯ್ಯೋ ರಾಯರೇ, ನೀವು ಅಲ್ಲಿ ಹಿಂದೆ ನಿಲ್ಲೋದಾ! ಬನ್ನಿ ಬನ್ನಿ, ಮುಂದೆ ಬನ್ನಿ." ತೋಳು ಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿದರು. "ಎಲ್ಲರೂ ಇಲ್ಲಿ ನೋಡ್ರಪ್ಪಾ! ಸೂಜಿ ಅಂದ್ರೆ ಇವರಿಗೆ ಮನೆ ಮಗು ಇದ್ದ ಹಾಗೆ. ಇವರನ್ನ ನೋಡಿ ಸ್ವಲ್ಪ ಧೈರ್ಯ ಕಲೀರಿ."

ನರ್ಸಮ್ಮ ಹೊಸ ಸೂಜಿಯ ಕವರು ಹರಿದಳು. ಮೊನೆರಾಯ ನೋಡಬಾರದಿತ್ತು. ವೃತ್ತಿ ಬಿಡಬೇಕಲ್ಲ, ನೋಡಿದ. ತೆಳ್ಳಗೆ, ಓರೆಯಾಗಿ ಕತ್ತರಿಸಿದ ಮೊನೆ. ಒಳಗೆ ಟೊಳ್ಳು. ತುದಿಯಲ್ಲಿ ಒಂದು ಹನಿ, ಅದರೊಳಗೆ ಇಡೀ ಪ್ಯಾಕಿಂಗ್ ಹಾಲು ತಲೆಕೆಳಗಾಗಿ ತೂಗುತ್ತಿತ್ತು. ಅವನ ಕಿವಿಯಲ್ಲಿ ಸಾಣೆಯಂತ್ರ ತಿರುಗತೊಡಗಿತು. ಇನ್ನೊಂದು ಕ್ಷಣ ಕಳೆದರೆ ಮರ್ಯಾದೆ ಸಮೇತ ನೆಲಕ್ಕೆ. ಏನಾದರೂ ಹೇಳಬೇಕು. ಬಾಯಿಗೆ ಬಂದದ್ದು ಅವನ ಸ್ವಂತ ಮಾತಲ್ಲ, ಹೆಂಡತಿಯ ತಮ್ಮನ ಮಾತು. ಆ ತಮ್ಮ ವಕೀಲ. ಬಸ್ಸಿನ ಕಂಡಕ್ಟರನಿಗೂ, ಹಾಲಿನವನಿಗೂ, "ಯಾವಾಗ ಮದುವೆ ಆಗ್ತೀಯೋ" ಎಂದ ಅಕ್ಕನಿಗೂ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಇದಕ್ಕೆ," ಎಂದ ಮೊನೆರಾಯ, "ಕಾನೂನಿನಲ್ಲಿ ಆಧಾರ ಏನು?"

ನರ್ಸಮ್ಮನ ಕೈ ನಡುಗಾಳಿಯಲ್ಲಿ ನಿಂತಿತು. ಮ್ಯಾನೇಜರರ ಮುಖದಿಂದ ಬಣ್ಣ ಇಳಿಯಿತು. ಮೇಲಿನವರು ಹೇಳಿದ್ದರು, ಇವರು ಸಹಿ ಹಾಕಿದ್ದರು, ನಡುವೆ ಕಾನೂನು ಎಂಬುದೊಂದು ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಸಾಲಿನಲ್ಲಿ ಮುಂದಿನವರು ಕಾರ್ಮಿಕ ಸಂಘದ ಕಾರ್ಯದರ್ಶಿ. ಆಗಷ್ಟೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು. ಅದನ್ನು ಅಷ್ಟೇ ಬೇಗ ಕೆಳಗಿಳಿಸಿ ಗುಂಡಿ ಹಾಕಿಕೊಂಡರು.

"ಕೇಳಿದ್ರಾ?" ಎಂದು ಗುಡುಗಿದರು. "ಇಷ್ಟು ಜನರಲ್ಲಿ ಒಬ್ಬ ಮನುಷ್ಯ ಕೇಳಿದ! ಆಧಾರ ಹೇಳೋವರೆಗೂ ಸಂಘದ ಪರವಾಗಿ ನಾನೂ ಹಾಕಿಸ್ಕೊಳ್ಳಲ್ಲ!"

ಅವರ ದನಿಯಲ್ಲಿ ಹೋರಾಟಕ್ಕಿಂತ ಬಿಡುಗಡೆಯೇ ಹೆಚ್ಚಾಗಿ ಕೇಳಿಸಿತು. ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಮೊನೆರಾಯ ಇರಲಿಲ್ಲ. ಅವನು ಕುರ್ಚಿಯಿಂದ ಎದ್ದು, ಗೋಡೆ ಹಿಡಿದು, ನಿಧಾನವಾಗಿ ಹೊರಗೆ ನಡೆದ. ನೋಡಿದವರಿಗೆ ಅದು ಗಾಂಭೀರ್ಯದಂತೆ ಕಂಡಿತು.

ಸಂಜೆ ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಎದುರು ಮನೆಯಾಕೆ ಮೆಟ್ಟಿಲ ಮೇಲೆ ಕಾದಿದ್ದಳು.

"ರೀ, ನಮ್ಮತ್ತೆಗೆ ಎಪ್ಪತ್ತು ದಾಟಿದೆ. ನಿಮ್ಮ ಕಾನೂನನ್ನ ನಿಮ್ಮ ಮನೇಲಿ ಇಟ್ಕೊಳ್ಳಿ. ನಮ್ಮ ಬಾಗಿಲ ಮುಂದೆ ಹಾದು ಹೋಗೋವಾಗ ಉಸಿರು ಬಿಡಬೇಡಿ."

"ಏನಮ್ಮಾ ಮಾತಾಡ್ತೀಯ!" ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಗೋಡೆಯ ಮೇಲಿಂದ ಕತ್ತು ಚಾಚಿದರು. "ಇವತ್ತು ಸೂಜಿ ಚುಚ್ತೀವಿ ಅಂತಾರೆ. ನಾಳೆ ಕೂದಲು ಕತ್ತರಿಸ್ತೀವಿ ಅಂತಾರೆ. ಮನುಷ್ಯನ ಮೈ ಏನು ಕಚೇರಿ ಗೋಡೆನಾ, ಬೇಕಾದಲ್ಲಿ ಮೊಳೆ ಹೊಡೆಯೋಕೆ?"

"ನಿಮ್ಮ ತಲೇಲಿ ಕತ್ತರಿಸೋಕೆ ಕೂದಲು ಎಲ್ಲಿದೆ?"

"ನಾನು ತತ್ವದ ಮಾತು ಹೇಳಿದ್ದು!"

ಇಬ್ಬರ ನಡುವೆ ಊಟದ ಡಬ್ಬಿ ಎದೆಗವಚಿಕೊಂಡು ಮೊನೆರಾಯ ಉಸಿರು ಬಿಡದೆ ಒಳಗೆ ಸೇರಿಕೊಂಡ. ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಬಿದ್ರಾ?"

"ಇಲ್ಲ. ಬೀಳೋದಕ್ಕೆ ಮೊದ್ಲೇ ಕೇಳಿಬಿಟ್ಟೆ."

"ಭಯ ಅಂತ ಹೇಳಿದ್ರೆ ಮುಗೀತಿತ್ತು."

"ಸೂಜಿ ಕಾರ್ಖಾನೇಲಿ ಸೂಜಿ ಭಯ ಅಂತ ಹೇಳೋದಾ? ಮುಖ್ಯ ಪರೀಕ್ಷಕನ ಕುರ್ಚಿ ಹಾಗಿರಲಿ, ಸ್ಟೂಲೂ ಕಿತ್ಕೋತಾರೆ. ಮೇಸ್ತ್ರಿಯಿಂದ ಹಿಡಿದು ಗುಡಿಸೋಳವರೆಗೂ ನಗ್ತಾರೆ."

"ಕೆಲಸ ಹೋದ್ರೆ ನಗಲ್ವಾ?"

ಮೊನೆರಾಯ ಊಟದ ಡಬ್ಬಿ ಕೆಳಗಿಟ್ಟ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವಕೀಲ ಭಾವಮೈದ ಒಳಗೆ ನುಗ್ಗಿದ. ಇವನ ಎರಡೂ ಕೈ ಹಿಡಿದು ಕುಲುಕಿದ. ಅವನ ಕಣ್ಣು ತುಂಬಿ ಬಂದಿತ್ತು. ಅವನ ಬಳಿ ಅದುವರೆಗೆ ಬಂದಿದ್ದ ದೊಡ್ಡ ಕೇಸೆಂದರೆ ಎರಡು ಮನೆಗಳ ನಡುವಿನ ಚರಂಡಿ.

"ಭಾವಾ! ಇಷ್ಟು ವರ್ಷ ನಿಮ್ಮನ್ನ ಸಾಮಾನ್ಯ ಮನುಷ್ಯ ಅಂದ್ಕೊಂಡಿದ್ನಲ್ಲ, ಕ್ಷಮಿಸಿಬಿಡಿ. ಎಂಥಾ ಪ್ರಶ್ನೆ ಎತ್ತಿದ್ದೀರಿ! ಮೊದಲ್ನೇದು, ನಿಮ್ಮನ್ನ ಕೆಲಸಕ್ಕೆ ತಗೊಳ್ಳೋವಾಗ ಈ ಷರತ್ತು ಇತ್ತಾ? ಇರ್ಲಿಲ್ಲ. ಮಧ್ಯದಲ್ಲಿ ಹೊಸ ಷರತ್ತು ಹಾಕ್ಬಹುದಾ? ಪ್ರಶ್ನೆ. ಹಾಕಿಸ್ಕೊಂಡಿದ್ದೀರೋ ಇಲ್ವೋ ಅಂತ ಕೇಳೋಕಾದ್ರೂ ಅವರಿಗೆ ಹಕ್ಕಿದೆಯಾ? ಅದೂ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ತೋಳು ನಿಮ್ಮದಾ, ಕಂಪನೀದಾ?"

"ತೋಳು ಇವರದೇ ಕಣೋ," ಎಂದಳು ಹೆಂಡತಿ. "ಆದರೆ ಕೆಮ್ಮಿದ್ರೆ ಅದು ಪಕ್ಕದ ಮೇಜಿನವನಿಗೂ ಹೋಗುತ್ತಲ್ಲ?"

"ಅಕ್ಕಾ, ಅದು ಎದುರು ಪಕ್ಷದ ವಾದ. ಮನೇಲಿ ಕೂತು ಹೇಳಬಾರದು."

"ನೀನು ಹಾಕಿಸ್ಕೊಂಡ್ಯಾ?"

ಭಾವಮೈದ ಕೋಟು ಸರಿಮಾಡಿಕೊಂಡ. "ನಾನು... ವಾದಿಸೋ ವಕೀಲ ಅಲ್ವಾ? ಪಕ್ಷಪಾತ ಬರಬಾರದು ಅಂತ ಕಾಯ್ತಾ ಇದ್ದೀನಿ."

ಅಕ್ಕ ತಮ್ಮನನ್ನು ದಿಟ್ಟಿಸಿ ನೋಡಿದಳು. ಚಹಾ ಮಾಡಲು ಒಳಗೆ ಹೋದಳು.

ವಕೀಲರ ನೋಟಿಸು ಕಂಡ ಕಂಪನಿ ಮೊನೆರಾಯನನ್ನು ತಕ್ಷಣ ಹೊರಗೆ ಹಾಕಲು ಹೆದರಿತು. ಒಳಗೆ ಬಿಟ್ಟುಕೊಳ್ಳಲೂ ಹೆದರಿತು. ನೋಟಿಸು ಕೊಡದ ಉಳಿದವರಿಗೆ ಗಡುವು ಮುಂದಕ್ಕೆ ಹಾಕಿತು. ಕಾರ್ಮಿಕ ಇಲಾಖೆಯ ಅಧಿಕಾರಿ ತೀರ್ಮಾನ ಹೇಳುವವರೆಗೆ 'ಪ್ರತ್ಯೇಕ ವ್ಯವಸ್ಥೆ' ಎಂದು ಗೇಟಿನ ಪಕ್ಕದ ಸೈಕಲ್ ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು ಹಾಕಿಸಿಕೊಟ್ಟಿತು. ಸೂಜಿಯ ತಟ್ಟೆಯನ್ನು ಉದ್ದ ಕೋಲಿನಿಂದ ತಳ್ಳುವುದು, ಅವನು ಒಳಗಿನಿಂದಲೇ ಹೋಗ್ಲಿ, ವಾಪಸ್ ಎಂದು ಕೂಗುವುದು. ಯಾರೂ ಅವನ ಹತ್ತಿರ ಸುಳಿಯಬಾರದು ಎಂಬುದು ವ್ಯವಸ್ಥೆಯ ಉದ್ದೇಶ.

ಪರಿಣಾಮವೆಂದರೆ, ಕಾರ್ಖಾನೆಯಲ್ಲಿ ಅತಿ ಹೆಚ್ಚು ಜನ ಸೇರುವ ಜಾಗ ಸೈಕಲ್ ಶೆಡ್ಡಾಯಿತು.

ಮೊದಲು ಬಂದವಳು ಪ್ಯಾಕಿಂಗಿನ ಹೆಂಗಸು. "ರಾಯರೇ, ನಾನು ಹಾಕಿಸ್ಕೊಂಡೆ. ತೋಳು ಊದಿದೆ ನೋಡಿ. ಇದು ಕೆಲಸದ ವೇಳೆಯಲ್ಲಿ ಆದ ಗಾಯ ಅಲ್ವಾ? ರಜೆ ಕೊಡಬೇಕಲ್ವಾ?"

ಮೊನೆರಾಯನಿಗೆ ಏನು ಗೊತ್ತು? ಆದರೆ ಭಾವಮೈದ ಮನೆಯಲ್ಲಿ ಆಗಾಗ ಬಳಸುವ ಇನ್ನೊಂದು ವಾಕ್ಯ ನೆನಪಿತ್ತು. ಹೆಬ್ಬೆರಳು ಸವರಿಕೊಂಡು, ಕಣ್ಣು ಮುಚ್ಚಿ, ಹೇಳಿದ: "ಅದನ್ನ ಎರಡು ರೀತಿ ನೋಡಬಹುದು."

ಅವಳು ಕೈಮುಗಿದು ಹೋದಳು. ಆಮೇಲೆ ಸಾಣೆಯವನು ಬಂದ. ತಾನು ಹಾಕಿಸಿಕೊಂಡಿದ್ದೇನೆ, ಯಂತ್ರ ಹಂಚಿಕೊಳ್ಳುವ ಜೊತೆಗಾರ ಹಾಕಿಸಿಕೊಂಡಿಲ್ಲ, ಅವನ ಪಕ್ಕ ನಿಲ್ಲುವುದಿಲ್ಲ ಎನ್ನುವ ಹಕ್ಕು ತನಗಿದೆಯೇ? ಅವನು ಹೋದ ಮೇಲೆ ಅದೇ ಜೊತೆಗಾರ ಬಂದು, ಅವನು ಪಕ್ಕ ನಿಲ್ಲದಿದ್ದರೆ ತಾನು ಅವಮಾನದ ದಾವೆ ಹೂಡಬಹುದೇ ಎಂದು ಕೇಳಿದ. ಇಬ್ಬರಿಗೂ ಎರಡು ರೀತಿ ನೋಡಬಹುದಾಗಿತ್ತು. ಇಬ್ಬರೂ ತಾವೇ ಗೆದ್ದೆವೆಂದು ಹೋದರು. ಮೊನೆರಾಯನಿಗೆ ತನ್ನ ಬಗ್ಗೆ ಸಣ್ಣಗೆ ಗೌರವ ಹುಟ್ಟತೊಡಗಿತು. ಕಾಲಿನ ಮೇಲೆ ಕಾಲು ಹಾಕಿ ಕೂರುವುದನ್ನು ಕಲಿತ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಮ್ಯಾನೇಜರರೇ ಬಂದರು. ಆಚೀಚೆ ನೋಡಿ ಸೈಕಲ್ಲುಗಳ ನಡುವೆ ಬಗ್ಗಿ ನಿಂತರು.

"ರಾಯರೇ, ನಮ್ಮಿಬ್ಬರ ಮಧ್ಯೆ ಇರಲಿ. ನಾಳೆ ಇದು ಉಲ್ಟಾ ಹೊಡೆದ್ರೆ ಕೇಸು ಕಂಪನಿ ಮೇಲಾ, ನನ್ನ ಮೇಲಾ? ಸಹಿ ನಂದು."

"ಅದನ್ನ ಎರಡು ರೀತಿ..."

"ಗೊತ್ತಾಯ್ತು, ಗೊತ್ತಾಯ್ತು." ಅವರು ಬೆವರೊರೆಸಿಕೊಂಡರು. "ಇನ್ನೊಂದು. ಪ್ರಕಟಣೆಯಲ್ಲಿ 'ಕೆಲಸಗಾರರೆಲ್ಲರೂ' ಅಂತ ಇದೆ. ಮ್ಯಾನೇಜರ್ ಅನ್ನೋನು ಕೆಲಸಗಾರ ಆಗ್ತಾನಾ? ಸುಮ್ನೆ ಕೇಳ್ದೆ. ನಂಗೇನೂ ಭಯ ಇಲ್ಲ, ಸಮಯ ಸಿಕ್ಕಿಲ್ಲ ಅಷ್ಟೆ."

ಈ ಪ್ರಶ್ನೆಗೆ ಮೊನೆರಾಯ ಉತ್ತರಿಸಲಿಲ್ಲ. ಮ್ಯಾನೇಜರರಂಥ ಮ್ಯಾನೇಜರರೇ ತನ್ನನ್ನು ಸಲಹೆ ಕೇಳುತ್ತಿದ್ದಾರೆ ಎಂಬ ಸಂತೋಷದಲ್ಲಿ, ಅವರು ಏನು ಕೇಳಿದರು ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ವಿಚಾರಣೆಯ ದಿನ ಬಂತು. ಕಾರ್ಮಿಕ ಅಧಿಕಾರಿಯ ಕೋಣೆ ಚಿಕ್ಕದು, ಜನ ಹೆಚ್ಚು. ಒಂದು ಕಡೆ ಮ್ಯಾನೇಜರರು ಮತ್ತು ಕಂಪನಿಯ ವಕೀಲೆ. ಇನ್ನೊಂದು ಕಡೆ ಸಂಘದ ಕಾರ್ಯದರ್ಶಿ, ಭಾವಮೈದ, ಇಸ್ತ್ರಿ ಹಾಕಿದ ಅಂಗಿಯಲ್ಲಿ ಮೊನೆರಾಯ. ಗೋಡೆಯ ಬೆಂಚಿನ ಮೇಲೆ ಹೆಂಡತಿ. ಅವಳ ಪಕ್ಕದಲ್ಲಿ ಕಂಪನಿಯ ಸಾಕ್ಷಿಯಾಗಿ ನರ್ಸಮ್ಮ. ಇಲ್ಲಿಂದ ನೇರವಾಗಿ ಇನ್ನೊಂದು ಕಾರ್ಖಾನೆಗೆ ಹೋಗಬೇಕಿತ್ತು ಅವಳು, ಪೆಟ್ಟಿಗೆ ತೊಡೆಯ ಮೇಲೇ ಇತ್ತು. ಅಧಿಕಾರಿಯ ಪಕ್ಕದಲ್ಲಿ ಪೆನ್ನು ಹಿಡಿದ ಕಚೇರಿಯ ಗುಮಾಸ್ತರು. ಅಧಿಕಾರಿಗೆ ನೆಗಡಿ. ಅವರು ಸೀನಿದಾಗಲೆಲ್ಲ ಎರಡೂ ಪಕ್ಷಗಳು ಭೇದವಿಲ್ಲದೆ ಹಿಂದೆ ಸರಿಯುತ್ತಿದ್ದವು.

ಭಾವಮೈದ ಚರಂಡಿ ಕೇಸಿನಲ್ಲಿ ಉಳಿಸಿಟ್ಟಿದ್ದ ದನಿಯನ್ನೆಲ್ಲ ಹೊರಗೆ ತೆಗೆದ. ಮನುಷ್ಯನ ಚರ್ಮ ಅವನ ಕೊನೆಯ ಗೋಡೆ, ಅದರೊಳಗೆ ಸಂಬಳ ಕೊಡುವವನಿಗೂ ಪ್ರವೇಶವಿಲ್ಲ ಎಂದ. ಕಂಪನಿಯ ವಕೀಲೆ ದನಿ ಏರಿಸಲಿಲ್ಲ. ಒಂದೇ ಸೂರಿನ ಕೆಳಗೆ ನೂರಾರು ಜನ ಉಸಿರಾಡುತ್ತಾರೆ, ಅವರಲ್ಲಿ ಒಬ್ಬರು ಜ್ವರದಿಂದ ಸತ್ತರೆ ನಾಳೆ ಇದೇ ವಕೀಲರು ಕಂಪನಿ ಯಾಕೆ ಕಾಯಲಿಲ್ಲ ಎಂದು ಕೇಸು ಹಾಕುತ್ತಾರೆ ಎಂದಳು. ಅಧಿಕಾರಿ ಇಬ್ಬರಿಗೂ ತಲೆದೂಗಿದರು.

"ಇಬ್ಬರೂ ಹೇಳೋದು ಸರಿ. ಇಬ್ಬರೂ ಸರಿ ಇದ್ದಾಗಲೇ ನನ್ನ ಹತ್ರ ಬರೋದು, ಅದೇ ನನ್ನ ಹಣೆಬರಹ. ನಾನು ಕೇಳೋದು ಒಂದೇ. ಈ ಮನುಷ್ಯ ಯಾಕೆ ಬೇಡ ಅಂತಾರೆ? ಆರೋಗ್ಯದ ತೊಂದರೆ ಇದೆಯೇನ್ರೀ?"

ಮೊನೆರಾಯನಿಗೆ ದಾರಿ ಕಂಡಿತು. "ಇದೆ ಸಾರ್."

"ಸರಿ ಹಾಗಾದ್ರೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಬರೆದುಕೊಟ್ರೆ ಮುಗೀತು."

"ರಕ್ತ ಹೇಗೆ ತೆಗೀತಾರೆ ಸಾರ್?"

"ಹೇಗೆ ಅಂದ್ರೆ? ಸೂಜಿ ಚುಚ್ಚಿ."

"ಆರೋಗ್ಯ ಚೆನ್ನಾಗಿದೆ ಸಾರ್."

ಕಂಪನಿಯ ವಕೀಲೆ ತಟ್ಟನೆ ತಲೆಯೆತ್ತಿದಳು. ಅವಳ ಮೂಗಿಗೆ ಏನೋ ವಾಸನೆ ಬಡಿದಿತ್ತು. "ಸಾರ್, ನನಗನಿಸೋದು ಇದು ತತ್ವ ಅಲ್ಲ. ಬರೀ ಭಯ."

"ಭಯ!" ಭಾವಮೈದ ಮೇಜು ಗುದ್ದಿದ. "ಇಪ್ಪತ್ತು ವರ್ಷ ಸೂಜಿಯ ಮೊನೆಗೆ ಬೆರಳು ಕೊಟ್ಟ ಮನುಷ್ಯನಿಗೆ ಭಯ! ಯಾರ ಹತ್ರನಾದ್ರೂ ಒಂದು ಸೂಜಿ ಇದ್ರೆ ಕೊಡಿ, ಇಲ್ಲೇ ತೋರಿಸ್ತೀವಿ!"

ವಕೀಲೆಯ ಕೈಚೀಲದಲ್ಲೇ ಗುಂಡಿ ಹೊಲಿಯುವ ಸೂಜಿಗಳ ಪೊಟ್ಟಣವೊಂದಿತ್ತು. ಮೊನೆರಾಯ ಅದನ್ನು ಬಿಚ್ಚಿದ. ಎಲ್ಲರೂ ಉಸಿರು ಬಿಗಿಹಿಡಿದರು. ಕಣ್ಣು ಮುಚ್ಚಿದ, ಒಂದೊಂದನ್ನೇ ಹೆಬ್ಬೆರಳಿಗೆ ಒತ್ತಿದ, ರೆಪ್ಪೆಯೂ ಅದುರಲಿಲ್ಲ. ಅಭ್ಯಾಸಬಲ, ತಾನು ಎಲ್ಲಿದ್ದೇನೆಂಬುದನ್ನೇ ಮರೆತ.

"ವಾಪಸ್," ಎಂದ.

"ನೋಡಿದ್ರಾ ಸ್ವಾಮಿ!" ಭಾವಮೈದ ಕುಣಿಯುವುದೊಂದು ಬಾಕಿ.

ಅಧಿಕಾರಿಗೆ ಸಂದೇಹ ಉಳಿಯಲಿಲ್ಲ. ಮೂಗೊರೆಸಿಕೊಂಡು ಹೇಳಿದರು: "ಭಯ ಅಲ್ಲ ಅನ್ನೋದು ಸಾಬೀತಾಯ್ತು. ಭಯ ಆಗಿದ್ರೆ ಎಷ್ಟು ಸುಲಭ ಇತ್ತು! ಭಯ ಇರೋರಿಗೆ ಬೇರೆ ಕೋಣೆ, ಮಲಗೋಕೆ ಮಂಚ, ಮನೆಯವರೊಬ್ಬರು ಜೊತೇಲಿ, ಅಲ್ಲೀವರೆಗೂ ಪೂರ್ತಿ ಸಂಬಳ. ಅಷ್ಟು ಮಾಡ್ರಪ್ಪಾ ಅಂತ ಕಂಪನಿಗೆ ಹೇಳ್ತಿದ್ದೆ, ಅವರೂ ಒಪ್ತಿದ್ರು. ಏನಮ್ಮಾ?"

"ಖಂಡಿತ ಒಪ್ತಿದ್ವಿ ಸಾರ್," ಎಂದಳು ವಕೀಲೆ.

"ಆದರೆ ಇದು ತತ್ವ. ತತ್ವಕ್ಕೆ ನನ್ನ ಹತ್ರ ಔಷಧಿ ಇಲ್ಲ. ಗುಮಾಸ್ತರೇ, ಬರ್ಕೊಳ್ಳಿ. ದೊಡ್ಡ ಕೋರ್ಟು ತೀರ್ಮಾನಿಸೋವರೆಗೂ ಇವರು ಸಂಬಳ ಇಲ್ಲದೆ ಕಾರ್ಖಾನೆಯ ಹೊರಗೆ."

ಮೊನೆರಾಯನ ಕಿವಿಯಲ್ಲಿ ಮತ್ತೆ ಸಾಣೆಯಂತ್ರ ತಿರುಗಿತು. "ಎಷ್ಟು ದಿನ ಆಗಬಹುದು ಸಾರ್?"

"ನನ್ನ ನಿವೃತ್ತಿಯೊಳಗೆ ಆಗಲ್ಲ."

"ಹತ್ತು ವರ್ಷ ನಡೆಸ್ತೀನಿ ಭಾವಾ," ಎಂದು ಭಾವಮೈದ ಪ್ರೀತಿಯಿಂದ ಅವನ ಬೆನ್ನು ತಟ್ಟಿದ. "ಚಿಂತೆ ಮಾಡ್ಬೇಡಿ."

ಗಾಜಿನ ಕೋಣೆ ಹೋಯಿತು. ಕೈಯಿರುವ ಕುರ್ಚಿ ಹೋಯಿತು. ಈಗ ಸ್ಟೂಲೂ ಹೊರಟು ನಿಂತಿತ್ತು. ಮೊನೆರಾಯ ಬೆಂಚಿನ ಕಡೆ ನೋಡಿದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಎಂದೂ ಹೇಳದ ಮಾತು ಹೇಳಿದ.

"ಸಾರ್, ನನಗೆ ಸೂಜಿ ಅಂದ್ರೆ ಭಯ."

ಕೋಣೆ ಗೊಳ್ಳೆಂದು ನಕ್ಕಿತು. ಅಧಿಕಾರಿ ನಗುತ್ತ ಸೀನಿದರು. ಮ್ಯಾನೇಜರರು ಮಾತ್ರ ಯಾಕೋ ನಗಲಿಲ್ಲ.

"ನಿಜ ಸಾರ್! ನಾನಾಗಿ ಚುಚ್ಕೊಂಡ್ರೆ ಏನೂ ಇಲ್ಲ. ಇನ್ನೊಬ್ರು ಚುಚ್ಚೋಕೆ ಬಂದ್ರೆ ಜೀವ ಹೋಗುತ್ತೆ!"

"ಇದೇ ಸ್ವಾಮಿ!" ಭಾವಮೈದ ಎಗರಿ ನಿಂತ. "ಇದೇ ನಮ್ಮ ವಾದದ ತಿರುಳು! ತಾನಾಗಿ ಮಾಡ್ಕೊಂಡ್ರೆ ಸ್ವಾತಂತ್ರ್ಯ, ಇನ್ನೊಬ್ರು ಮಾಡಿಸಿದ್ರೆ ಬಲವಂತ! ನಾನು ಒಂದು ಗಂಟೆ ಹೇಳಿದ್ದನ್ನ ನಮ್ಮ ಭಾವ ಎರಡು ಮಾತಲ್ಲಿ ಹೇಳಿದ್ರು!"

"ಚೆನ್ನಾಗಿ ಹೇಳಿದ್ರಿ," ಎಂದು ಅಧಿಕಾರಿಯೂ ಮೆಚ್ಚಿದರು. "ಗುಮಾಸ್ತರೇ, ಇದನ್ನೂ ಬರ್ಕೊಳ್ಳಿ. ತತ್ವ ಇನ್ನೂ ಗಟ್ಟಿಯಾಯ್ತು."

ಸತ್ಯ ಹೇಳಿದ ಮನುಷ್ಯನಿಗೆ ಇಂಥ ಶಿಕ್ಷೆ ಇರಬಾರದು. ಆಗ ಬೆಂಚಿನ ಕಡೆಯಿಂದ ಶಾಂತವಾದ ದನಿಯೊಂದು ಬಂತು.

"ಸಿಸ್ಟರ್, ಆ ಪೆಟ್ಟಿಗೆ ಒಂದ್ಸಲ ತೆಗೀರಿ."

"ಬೇಡ ಕಣೇ..." ಎಂದ ಮೊನೆರಾಯ.

"ಸೂಜಿ ಕೈಲಿ ಹಿಡ್ಕೊಳ್ಳಿ ಸಾಕು. ಇವರಿಗೆ ಕಾಣೋ ಹಾಗೆ."

ನರ್ಸಮ್ಮ ಪೆಟ್ಟಿಗೆ ತೆಗೆದಳು, ಕವರು ಹರಿದಳು, ಎತ್ತಿ ತೋರಿಸಿದಳು. ಮೊನೆರಾಯ ಒಂದು ಬಾರಿ ಮುಗುಳ್ನಕ್ಕು, ಬಹಳ ಸೌಜನ್ಯದಿಂದ ಎಂಬಂತೆ, ಅಧಿಕಾರಿಯ ಮೇಜಿನ ಕೆಳಗೆ ಜಾರಿದ.

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಅದರ ಮರುಕ್ಷಣದಿಂದ ಯಾರೂ ಮಾತು ನಿಲ್ಲಿಸಲಿಲ್ಲ.

"ಭಯ ಸಾಬೀತಾಯ್ತು ಸಾರ್!" ಎಂದಳು ವಕೀಲೆ.

"ಆಕ್ಷೇಪಣೆ! ಬಿದ್ದಿರೋದು ಮನುಷ್ಯ, ತತ್ವ ಅಲ್ಲ!" ಎಂದ ಭಾವಮೈದ.

"ವಿಚಾರಣೆಗೆ ಬಂದಾಗ ಬಿದ್ದರೆ ಅದು ಕೆಲಸದ ವೇಳೆಯ ಅಪಘಾತ!" ಎಂದರು ಕಾರ್ಯದರ್ಶಿ.

"ಇದು ಸರ್ಕಾರಿ ಜಾಗ, ಕಂಪನಿ ಜಾಗ ಅಲ್ಲ!" ಎಂದರು ಮ್ಯಾನೇಜರರು.

"ಮೇಜು ನಂದು, ನನ್ನನ್ನ ಇದಕ್ಕೆ ಎಳೀಬೇಡಿ!" ಎಂದರು ಅಧಿಕಾರಿ.

"ಯಾರಾದ್ರೂ ನೀರು ಕೊಡ್ತೀರಾ?" ಎಂದಳು ನರ್ಸಮ್ಮ. ಯಾರೂ ಕೊಡಲಿಲ್ಲ. ಹೆಂಡತಿಯೇ ತನ್ನ ಚೀಲದಿಂದ ಬಾಟಲಿ ತೆಗೆದಳು. ಇಬ್ಬರೂ ಸೇರಿ ಅವನನ್ನು ಎಳೆದು ಬೆಂಚಿನ ಮೇಲೆ ಮಲಗಿಸಿದರು.

ಸ್ವಲ್ಪ ಹೊತ್ತಿಗೆ ಮೊನೆರಾಯ ಕಣ್ಣು ಬಿಟ್ಟ. ನೀರು ಕುಡಿದ. ನರ್ಸಮ್ಮ ನಾಡಿ ನೋಡಿ ಪರವಾಗಿಲ್ಲ ಎಂದಳು. ಮೇಜಿನ ಸುತ್ತ ಐದು ಜನ ಅವನ ತೋಳು ಯಾರದೆಂದು ಜಗಳವಾಡುತ್ತಿದ್ದರು. ತೋಳು ಬೆಂಚಿನ ಮೇಲೆ ಇತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ.

ಹೆಂಡತಿ ಅವನ ಮುಖದ ಮೇಲೆ ಬಗ್ಗಿದಳು.

"ಹಾಕಿಸ್ಕೋತೀರಾ? ಬೇಡ ಅಂದ್ರೆ ಮನೆಗೆ ಹೋಗೋಣ."

ಇಷ್ಟು ದಿನ ಇಷ್ಟು ಜನ ಇಷ್ಟು ಪ್ರಶ್ನೆ ಎತ್ತಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ. ಮೊನೆರಾಯ ಸೂರು ನೋಡಿದ. ಆಮೇಲೆ ತಲೆಯಾಡಿಸಿದ.

"ಹೂಂ ಅಂತ ಬಾಯಲ್ಲಿ ಹೇಳಿ," ಎಂದಳು ನರ್ಸಮ್ಮ. "ಇಲ್ಲಿ ವಕೀಲರು ಜಾಸ್ತಿ ಇದ್ದಾರೆ."

"ಹೂಂ."

"ಮೂತಿ ಆ ಕಡೆ ತಿರುಗಿಸಿ," ಎಂದಳು ಹೆಂಡತಿ. ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಗಟ್ಟಿಯಾಗಿ ಹಿಡಿದಳು.

ಮುಗಿಯಿತು.

ಹತ್ತಿಯ ಉಂಡೆ ಒತ್ತಿಕೊಂಡು ಮೊನೆರಾಯ ಎದ್ದು ಕೂತಾಗ ಮೊದಲು ಕಂಡದ್ದು ಅಧಿಕಾರಿಗೆ. ಅವರು ಮಾತು ನಿಲ್ಲಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು.

"ಹಾಕಿಸ್ಕೊಂಡುಬಿಟ್ರಾ?" ಭಾವಮೈದನ ದನಿ ಒಡೆಯಿತು. "ಭಾವಾ! ನನ್ನ ಹತ್ತು ವರ್ಷ!"

"ಹಾಗಾದ್ರೆ ಕಾನೂನಿನ ಪ್ರಶ್ನೆ?" ಎಂದರು ಗುಮಾಸ್ತರು, ಪೆನ್ನು ಎತ್ತಿ ಹಿಡಿದು.

"ಹಾಗೇ ಇರಲಿ. ಮುಂದೆ ಯಾರಾದ್ರೂ ಬರ್ತಾರೆ," ಎಂದರು ಅಧಿಕಾರಿ. ಅವರ ಗಮನ ಅಲ್ಲಿರಲಿಲ್ಲ. ಮೇಜು ಸುತ್ತಿಕೊಂಡು ಬೆಂಚಿನ ಬಳಿ ಬಂದರು. ದನಿ ತಗ್ಗಿಸಿದರು. "ನೋವಾಯ್ತೇನ್ರೀ?"

ಕಾರ್ಯದರ್ಶಿ ಒಂದು ಹೆಜ್ಜೆ ಮುಂದೆ ಬಂದರು. ಮ್ಯಾನೇಜರರು ಕತ್ತು ಚಾಚಿದರು. ಭಾವಮೈದನೂ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದ. ಈ ಪ್ರಕರಣದುದ್ದಕ್ಕೂ ಅವರೆಲ್ಲ ಇಷ್ಟು ಶ್ರದ್ಧೆಯಿಂದ ಯಾವ ವಾದವನ್ನೂ ಕೇಳಿರಲಿಲ್ಲ.

ಮೊನೆರಾಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೂ ಅವನಿಗೆ ಅರ್ಥವಾಯಿತು. ಹೆಬ್ಬೆರಳು ಸವರಿಕೊಂಡ. ಕಣ್ಣು ಮುಚ್ಚಿದ. ಬೇಕೆಂದೇ ಸ್ವಲ್ಪ ತಡ ಮಾಡಿದ.

"ಹೋಗ್ಲಿ," ಎಂದ.

ಅಧಿಕಾರಿ ದೀರ್ಘವಾಗಿ ಉಸಿರು ಬಿಟ್ಟರು. ನೆಗಡಿ ವಾಸಿಯಾದ ಕೂಡಲೇ ಹಾಕಿಸಿಕೊಳ್ಳುವುದಾಗಿ ಯಾರೂ ಕೇಳದೆಯೇ ಮಾತು ಕೊಟ್ಟರು. ಮ್ಯಾನೇಜರರು, ನಾಳೆಯಿಂದ ರಾಯರು ಗಾಜಿನ ಕೋಣೆಯಲ್ಲೇ ಕೂರಲಿ ಎನ್ನುತ್ತ, ಮುಂಗೈ ಗುಂಡಿ ಬಿಚ್ಚತೊಡಗಿದರು. ಅವರಿಗಿಂತ ಮೊದಲೇ ಕಾರ್ಯದರ್ಶಿ, ಸಂಘದ ಪರವಾಗಿ, ತೋಳು ಮಡಚಿಯಾಗಿತ್ತು.

"ಸಾಲಾಗಿ ಬನ್ನಿ," ಎಂದಳು ನರ್ಸಮ್ಮ.

"ಮೊದಲು ಇವನಿಗೆ ಹಾಕಿ ಸಿಸ್ಟರ್," ಎಂದು ಹೆಂಡತಿ ಬಾಗಿಲ ಕಡೆ ಮೆಲ್ಲಗೆ ಸರಿಯುತ್ತಿದ್ದ ತಮ್ಮನ ಕೋಟಿನ ಕೊರಳಪಟ್ಟಿ ಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದಳು.

"ಅಕ್ಕಾ, ಇದಕ್ಕೆ ಕಾನೂನಿನಲ್ಲಿ ಆಧಾ..."

"ಮೂತಿ ಆ ಕಡೆ ತಿರುಗಿಸು," ಎಂದಳು ಅಕ್ಕ.